ಪದಚರ್ಚೆ: ಒರಗಿ ತುಳಿಯುವ ಸೈಕಲ್ಲಿನ ಕಾರ್ಬನ್ ಫೈಬರ್ ಕೆಲಸಕ್ಕೆ ಪದಗಳು ಬೇಕಾಗಿವೆ (ತುರ್ತು)

ಐಂಡ್‌ಹೋವನ್‌ನಿಂದ:

ಮಾನ್ಯರೇ,

ಬೆನ್ನನ್ನು ಹಿಂದಕ್ಕೆ ಒರಗಿಸಿ, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲಿಗೆ ಕಾರ್ಬನ್ ಫೈಬರಿನ ಸೀಟನ್ನೂ ಅದರ ಹಿಂದೆ ಕೂರುವ ಸಾಮಾನಿನ ಪೆಟ್ಟಿಗೆಯನ್ನೂ ಮನೆಯಲ್ಲೇ ಮಾಡಿಕೊಳ್ಳುವ ವಿಧಾನದ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮೈಸೂರಿನ ಗೆಳೆಯರು ಅದನ್ನಿಟ್ಟುಕೊಂಡು ತರಬೇತಿ ನಡೆಸಲಿದ್ದಾರೆ. ಬರುವವರಲ್ಲಿ ಹೆಚ್ಚಿನವರು ಐಟಿಐ ವಿದ್ಯಾರ್ಥಿಗಳು ಮತ್ತು ಫೈಬರ್ ಬಾಗಿಲು, ತೊಟ್ಟಿ ಮಾಡುವ ಅಂಗಡಿಗಳ ಕೆಲಸಗಾರರು. ಪುಟಗಳು ಸೋಮವಾರ ಮುದ್ರಣಕ್ಕೆ ಹೋಗಬೇಕು; ಕೆಲಸದ ಕೋಣೆಯ ಗೋಡೆಗೆ ಹಾಕುವ ಎಚ್ಚರಿಕೆಯ ಫಲಕವೂ ಅದರೊಡನೆಯೇ ಆಗಬೇಕು.

ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಈ ವಾಹನವನ್ನು ಲಿಖ್‌ಫೀಟ್ಸ್ ಎನ್ನುತ್ತಾರೆ, ಜರ್ಮನರು ಲೀಗರಾಡ್ ಎನ್ನುತ್ತಾರೆ. ಎರಡರಲ್ಲಿಯೂ ಮಲಗುವ ಅರ್ಥವಿದೆ. ಸವಾರನು ಮಲಗುವುದಿಲ್ಲ, ಒರಗುತ್ತಾನೆ; ಆದ್ದರಿಂದ 'ಒರಗು ಸೈಕಲ್' ಎಂದಿಟ್ಟಿದ್ದೇನೆ. ತೊಡಕಿರುವುದು ಮಿಕ್ಕ ಪದಗಳಲ್ಲಿ. ಮೋಲ್ಡ್‌ಗೆ 'ಅಚ್ಚು' ಎಂದು ಬರೆದರೆ, ಅದೇ ಪುಟದಲ್ಲಿ ಚಕ್ರದ ಆಕ್ಸಲ್ಲಿಗೂ 'ಅಚ್ಚು' ಬರುತ್ತದೆ. 'ಅಚ್ಚಿಗೆ ಮೇಣ ಸವರಿ' ಎಂಬ ವಾಕ್ಯವನ್ನು ಓದಿದವನು ಯಾವುದಕ್ಕೆ ಸವರಬೇಕು? ಕಾರ್ಬನ್ ಬಟ್ಟೆಗೆ ಸವರುವ ಅಂಟು ದ್ರವವಾದ ಎಪಾಕ್ಸಿ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್, ಆ ಬಟ್ಟೆಯನ್ನು ಒಂದರ ಮೇಲೊಂದರಂತೆ ಹಾಕುವ ಲೇಅಪ್, ಹಾಕಿದ ಮೇಲೆ ರೆಸಿನ್ ಕ್ಯೂರ್ ಆಗಿ ಗಟ್ಟಿಗೊಳ್ಳುವುದು, ಇವುಗಳಿಗೂ ಪದ ಬೇಕು. ಕೊನೆಯದಕ್ಕೆ ಸದ್ಯ 'ಒಣಗುವುದು' ಎಂದಿದ್ದೇನೆ, ಸಮಾಧಾನವಾಗಿಲ್ಲ.

ಧಾರವಾಡದಿಂದ:

ಚಕ್ರದ ನಡುವಿನ 'ಅಚ್ಚು' ಸಂಸ್ಕೃತ 'ಅಕ್ಷ'ದ ತದ್ಭವ. ಅದಕ್ಕೆ ಕನ್ನಡದ್ದೇ ಆದ 'ಇರುಸು' ಇರುವಾಗ ಗೊಂದಲಕ್ಕೆ ಎಡೆಯೇ ಇಲ್ಲ: ಮೋಲ್ಡ್ ಅಚ್ಚು, ಆಕ್ಸಲ್ ಇರುಸು. ಹಾರ್ಡನರ್ 'ಹೆಪ್ಪು'. ದ್ರವವನ್ನು ಗಟ್ಟಿ ಮಾಡುವ ವಸ್ತುವಿಗೆ ಇದಕ್ಕಿಂತ ಅಚ್ಚಗನ್ನಡದ ಪದ ಸಿಗದು. ಲೇಅಪ್ 'ಹಾಸು'. ಕಾರ್ಬನ್ ಫೈಬರ್ 'ಕರಿನಾರು'. ಪಠ್ಯಪುಸ್ತಕದ 'ಇಂಗಾಲ' ಬೇಡ. 'ಅಂಗಾರ'ವು ಪ್ರಾಕೃತದ ದಾರಿ ಹಿಡಿದು ಬಂದ ರೂಪ ಅದು, ಹಳೆಯ ತದ್ಭವ 'ಇಂಗಳ'ದ ಒಡಹುಟ್ಟು. ಸೈಕಲ್ ಎಂಬುದನ್ನೂ ಬಿಟ್ಟು 'ಒರಗುಬಂಡಿ' ಎನ್ನಿ. ಪದ ಹುಡುಕದೆ ಹಾರ್ಡನರ್ ಎಂದು ಕನ್ನಡ ಲಿಪಿಯಲ್ಲಿ ಬರೆದುಬಿಡುವುದು ಅನುವಾದವಲ್ಲ.

ಬೆಂಗಳೂರಿನಿಂದ:

'ಇರುಸು' ಒಪ್ಪತಕ್ಕ ಸೂಚನೆ. ಗಾಡಿ ಕಂಡಿರದ ಹುಡುಗರಿಗಾಗಿ ಮೊದಲ ಸಲ ಬಂದಾಗ ಆಕ್ಸಲ್ ಎಂಬುದನ್ನೂ ಪಕ್ಕದಲ್ಲಿ ಹೇಳಿದರೆ ಸಾಕು. ಉಳಿದ ಸೂಚನೆಗಳಲ್ಲಿ ಎರಡು ಅಪಾಯಕರವಾಗಿವೆ. ಈ ಕೆಲಸವನ್ನು ಕೈಯಾರೆ ಮಾಡಿದವನಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ.

ಹೆಪ್ಪು ಎಂದರೆ ಏನು? ಪಾತ್ರೆ ತುಂಬ ಹಾಲಿಗೆ ಅರ್ಧ ಚಮಚ. ಕಾಲು ಚಮಚವಾದರೆ ಮೊಸರಾಗುವುದು ತಡವಾಗುತ್ತದೆ, ಒಂದು ಚಮಚವಾದರೆ ಬೇಗನಾಗುತ್ತದೆ, ಅಂತೂ ಮೊಸರಾಗುತ್ತದೆ. ಫೈಬರ್ ಅಂಗಡಿಗಳಲ್ಲಿ ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ಈ ಪದ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಹಾಕುವ ಕ್ಯಾಟಲಿಸ್ಟ್ ನೂರಕ್ಕೆ ಒಂದೆರಡು ಪಾಲು ಮಾತ್ರ, ಚಳಿಗೆ ತುಸು ಹೆಚ್ಚು, ಸೆಕೆಗೆ ತುಸು ಕಡಿಮೆ, ಕಣ್ಣಳತೆಯಲ್ಲಿಯೇ ಹಾಕುವವರೂ ಇದ್ದಾರೆ. ಎಪಾಕ್ಸಿಯ ಹಾರ್ಡನರ್ ಹಾಗಲ್ಲ. ಅದು ರೆಸಿನ್ನಿನೊಡನೆ ತಾನೂ ಸೇರಿ ಗಟ್ಟಿ ವಸ್ತುವಿನ ಭಾಗವೇ ಆಗುತ್ತದೆ, ಆದ್ದರಿಂದ ಡಬ್ಬಿಯ ಮೇಲೆ ನೂರಕ್ಕೆ ಮೂವತ್ತು ಎಂದಿದ್ದರೆ ತಕ್ಕಡಿಯಲ್ಲಿಟ್ಟು ಮೂವತ್ತನ್ನೇ ತೂಗಬೇಕು. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ. ಜೊತೆ ಸಿಗದ ಹಾರ್ಡನರ್ ಒಳಗೇ ಉಳಿದು ಭಾಗವು ಮೆತ್ತಗಾಗುತ್ತದೆ. ಕಡಿಮೆ ಹಾಕಿದರೆ ಎಷ್ಟು ದಿನ ಕಾದರೂ ಪೂರ್ತಿ ಬಲ ಬರುವುದಿಲ್ಲ. ತರಬೇತಿಗೆ ಬರುವವರು ಪಾಲಿಯೆಸ್ಟರಿನಲ್ಲಿ ಕೈಪಳಗಿದವರು. ಅವರ ಕೈಗೆ 'ಹೆಪ್ಪು' ಎಂದು ಬರೆದ ಕೈಪಿಡಿಯನ್ನು ಕೊಟ್ಟರೆ ಹಳೆಯ ರೂಢಿಯಂತೆ ಅಂದಾಜಿನಲ್ಲಿಯೇ ಸುರಿಯುತ್ತಾರೆ, ಆ ಸೀಟಿನ ಮೇಲೆ ಒಬ್ಬ ಮನುಷ್ಯ ತನ್ನ ಪೂರ್ತಿ ಭಾರ ಹಾಕಿ ರಸ್ತೆಗಿಳಿಯುತ್ತಾನೆ. ಅರಾಲ್ಡೈಟಿನ ಎರಡು ಟ್ಯೂಬುಗಳು ನಮ್ಮ ಮನೆಗಳಿಗೆ ಬಂದು ದಶಕಗಳಾಗಿವೆ. ಒಂದರ ಮೇಲೆ ಹಾರ್ಡನರ್ ಎಂದೇ ಇದೆ, ಎರಡನ್ನೂ ಸಮನಾಗಿ ಹಿಂಡಬೇಕೆಂಬುದೂ ಎಲ್ಲರಿಗೂ ಗೊತ್ತು. ಅಳತೆಯ ಶಿಸ್ತನ್ನು ಜೊತೆಗೆ ತರುವ ಪದ ಅದು. ಅದನ್ನೇ ಇಡಿ.

'ಒಣಗುವುದು' ಖಂಡಿತ ಬೇಡ. ಒಣಗುವುದೆಂದರೆ ನೀರೋ ಥಿನ್ನರೋ ಆರಿಹೋಗುವುದು. ಎಪಾಕ್ಸಿಯಲ್ಲಿ ಆರಿಹೋಗತಕ್ಕದ್ದು ಏನೂ ಇಲ್ಲ. ಒಣಗಲಿ ಎಂದು ಫ್ಯಾನಿನ ಕೆಳಗಿಟ್ಟರೆ ಪ್ರಯೋಜನವಿಲ್ಲ, ಬೆಚ್ಚಗಿಟ್ಟರೆ ಇದೆ. ಮುಟ್ಟಿದರೆ ಅಂಟದಿರುವ ಹಂತಕ್ಕೆ 'ಗಟ್ಟಿಯಾಗುವುದು', ಮುಂದಿನ ಕೆಲವು ದಿನಗಳಲ್ಲಿ ಪೂರ್ತಿ ಬಲ ಬರುವುದಕ್ಕೆ 'ಬಲಿಯುವುದು' ಎಂದು ಎರಡು ಪದ ಬಳಸಿರಿ. ಇಂಗ್ಲಿಷಿನವರು ಎರಡಕ್ಕೂ ಕ್ಯೂರ್ ಎಂದುಬಿಡುವುದುಂಟು. ಗಟ್ಟಿಯಾದ ಮರುದಿನವೇ ಸೀಟನ್ನು ಬಿಗಿದು ಹೊರಡಬಾರದೆಂಬುದನ್ನು ನಮ್ಮ ಎರಡು ಕ್ರಿಯಾಪದಗಳು ಬೇರೆ ವಾಕ್ಯವಿಲ್ಲದೆಯೇ ತಿಳಿಸುತ್ತವೆ.

ಎರಡನೆಯ ಅಪಾಯ 'ಹಾಸು'. ಕಾರ್ಬನ್ ಫೈಬರ್ ನೇಯ್ದ ಬಟ್ಟೆಯಾಗಿ ಬರುತ್ತದೆ, ನೇಯ್ಗೆಯಲ್ಲಿ ಉದ್ದದ ಎಳೆ ಹಾಸು, ಅಡ್ಡದ್ದು ಹೊಕ್ಕು. ಈ ನಾರಿನ ಬಲವೆಲ್ಲ ಅದರ ಉದ್ದಕ್ಕೇ ಇರುವುದರಿಂದ ಎಳೆ ಯಾವ ದಿಕ್ಕಿಗಿದೆ ಎಂಬುದೇ ಈ ಕಸುಬಿನ ಮರ್ಮ. ಪೆಡಲುಗಳನ್ನು ಹೊತ್ತು ಮುಂದಕ್ಕೆ ಚಾಚಿದ ಕೊಳವೆ ಪ್ರತಿ ತುಳಿತಕ್ಕೂ ತಿರುಚುತ್ತದೆ. ಅದಕ್ಕೆ ನಲವತ್ತೈದು ಡಿಗ್ರಿ ಓರೆಯಾಗಿ, ದರ್ಜಿಗಳು ಕ್ರಾಸ್ ಎನ್ನುವ ರೀತಿಯಲ್ಲಿ, ಕತ್ತರಿಸಿದ ಬಟ್ಟೆ ಬೇಕು. ಸೀಟಿನ ಬೆನ್ನಿಗೆ ಮುಖ್ಯವಾಗಿ ಉದ್ದದ ಎಳೆಗಳು ಬೇಕು. 'ಹಾಸನ್ನು ಹಾಸಿನ ದಿಕ್ಕಿಗೆ ಹಾಕಿ' ಎಂಬ ವಾಕ್ಯದಿಂದ ಯಾರೂ ಏನೂ ಮಾಡಲಾರರು. ಹಾಕುವುದು 'ಪದರ', ಎಳೆ 'ಹಾಸು' ಮತ್ತು 'ಹೊಕ್ಕು'. ನೇಕಾರರ ಪದ ನೇಯ್ಗೆಗೇ ಉಳಿಯಲಿ.

'ಕರಿನಾರು' ಎಂದು ಕೇಳಿಕೊಂಡು ಹೋದವನಿಗೆ ಕಪ್ಪು ಬಣ್ಣ ಹಾಕಿದ ಗಾಜಿನ ಬಟ್ಟೆ ಸಿಕ್ಕರೆ ಅಂಗಡಿಯವನ ತಪ್ಪಲ್ಲ. ಅಲ್ಯೂಮಿನಿಯಂ ಚೌಕಟ್ಟಿಗೆ ಕಾರ್ಬನ್ ನೇರವಾಗಿ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಅದನ್ನು ತಡೆಯಲು ನಡುವೆ ಗಾಜಿನ ಬಟ್ಟೆಯ ಒಂದು ಪದರ ಹಾಕುತ್ತೇವೆ. ಕಪ್ಪೆಂಬ ಬಣ್ಣದಿಂದಲೇ ಹೆಸರಿಟ್ಟರೆ ಈ ಎರಡರ ಭೇದವೇ ಅಳಿಸಿಹೋಗುತ್ತದೆ. ಶಾಲೆಯಲ್ಲಿ ಕಲಿತ 'ಇಂಗಾಲದ ನಾರು' ಒಮ್ಮೆ ಬರಲಿ, ಆಮೇಲೆ ಕಾರ್ಬನ್ ಬಟ್ಟೆ ಎಂದೇ ಬರೆಯಿರಿ.

'ಒರಗುಬಂಡಿ'ಗೂ ನನ್ನ ವಿರೋಧವಿದೆ. 1933ರಲ್ಲಿ ಫ್ರಾನ್ಸಿನ ಶಾರ್ಲ್ ಮೋಶೆ ಕಟ್ಟಿದ ಇಂಥ ಸೈಕಲ್ಲಿನ ಮೇಲೆ ಫ್ರಾನ್ಸಿಸ್ ಫೋರ್ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಕ್ರಮಿಸಿ, 1914ರಿಂದ ನಿಂತಿದ್ದ ಆಸ್ಕರ್ ಎಗ್ಗನ ದಾಖಲೆಯನ್ನು ಮುರಿದನು. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧೆಯ ಸೈಕಲ್ ಎಂದರೇನೆಂಬುದನ್ನೇ ಮರುವ್ಯಾಖ್ಯಾನಿಸಿ ಅದನ್ನು ಹೊರಗಿಟ್ಟಿತು. ಆ ಹೊರಗಿಡುವಿಕೆಯ ಭಾರವನ್ನು ಈ ವಾಹನ ಇಂದಿಗೂ ಹೊರುತ್ತಿದೆ. ಕನ್ನಡದಲ್ಲಿ ಹೊಸದಾಗಿ ಹೆಸರಿಡುವಾಗ ಅದನ್ನು ಸೈಕಲ್ ಎಂದೇ ಕರೆಯುವುದು ನ್ಯಾಯ.

ಧಾರವಾಡದಿಂದ:

ಪದಕ್ಕೆ ಹೊಸ ಅರ್ಥವನ್ನು ತುಂಬುವುದೇ ಪರಿಭಾಷೆಯ ಕೆಲಸ. 'ಮಿಂಚಂಚೆ'ಯಲ್ಲಿ ಆಕಾಶದ ಮಿಂಚಿಲ್ಲ, ಆದರೂ ಯಾರಿಗೂ ಗೊಂದಲವಾಗಲಿಲ್ಲ. ಎಪಾಕ್ಸಿಯ ಹೆಪ್ಪನ್ನು ತೂಗಿ ಹಾಕಬೇಕೆಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಅಂಗಡಿಯಲ್ಲಿ ಆಡುವುದನ್ನೆಲ್ಲ ಪುಸ್ತಕಕ್ಕೆ ಇಳಿಸುತ್ತ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ. ಹಾಸು, ಪದರಗಳ ವಿಷಯದಲ್ಲಿ ನಿಮ್ಮ ವಾದ ಸರಿಯಿದೆ.

ಮಂಗಳೂರಿನಿಂದ:

ನಮ್ಮ ಕರಾವಳಿಯ ಮನೆಗಳಲ್ಲಿ ಜನೇಲು ಪೋರ್ಚುಗೀಸರದು, ಅದರ ಮೂಲಕ ಬರುವ ಬೆಳಕಿನಲ್ಲಿ ಓದುವುದು ಕನ್ನಡವನ್ನೇ. ಸೈಕಲ್ಲಿಗೆ ಪ್ರತ್ಯಯ ಹತ್ತಿ 'ಸೈಕಲ್ಲಿನ' ಎಂದಾದ ದಿನವೇ ಅದು ನಮ್ಮದಾಯಿತು. ತಪ್ಪಿ ಓದಿದರೆ ಕೈಕಾಲು ಮುರಿಯುವ ಬರಹದಲ್ಲಿ ಪ್ರಯೋಗ ಸಲ್ಲದು. ಹೊಸ ಪದಗಳನ್ನು ಪರೀಕ್ಷಿಸಲು ಬೇರೆ ಪುಸ್ತಕಗಳಿವೆ.

ಐಂಡ್‌ಹೋವನ್‌ನಿಂದ:

ಎಲ್ಲರಿಗೂ ಕೃತಜ್ಞತೆಗಳು. ಒರಗು ಸೈಕಲ್, ಇರುಸು, ಅಚ್ಚು, ಪದರ, ಹಾಸು, ಹೊಕ್ಕು, ಗಟ್ಟಿಯಾಗುವುದು, ಬಲಿಯುವುದು ಇಷ್ಟನ್ನು ಕೈಪಿಡಿಗೆ ತೆಗೆದುಕೊಂಡಿದ್ದೇನೆ. ಹಾರ್ಡನರ್ ಹಾಗೆಯೇ ಇರುತ್ತದೆ. 'ಹೆಪ್ಪಿನಂತೆ ಅಂದಾಜಿನಲ್ಲಿ ಹಾಕುವ ವಸ್ತು ಇದಲ್ಲ' ಎಂಬ ಎಚ್ಚರಿಕೆಯಲ್ಲಿ ಧಾರವಾಡದವರ ಪದವೂ ಸೇರಿದೆ. ಫಲಕಕ್ಕೆ ಬರೆದದ್ದು ಹೀಗಿದೆ: 'ರೆಸಿನ್, ಹಾರ್ಡನರ್ ಎರಡನ್ನೂ ತೂಗಿಯೇ ಬೆರೆಸಿ. ಬೆರೆಸಿದ್ದನ್ನು ಆಳದ ಡಬ್ಬಿಯಲ್ಲಿ ಬಿಡಬೇಡಿ, ಬಿಸಿಯೇರಿ ಹೊಗೆಯೇಳುತ್ತದೆ. ಅಗಲದ ತಟ್ಟೆಗೆ ಸುರಿಯಿರಿ. ಕೈಗವಸಿಲ್ಲದೆ ಮುಟ್ಟಬೇಡಿ. ಕಾರ್ಬನ್ ಭಾಗವನ್ನು ಉಜ್ಜುವಾಗ ನೀರು ಹಾಕಿ ಉಜ್ಜಿ, ಮೂಗು ಬಾಯಿಗೆ ಮಾಸ್ಕ್ ಇರಲಿ.'

ಗಾಳಿಯ ತಡೆಯನ್ನು ತಗ್ಗಿಸಲು ಸೈಕಲ್ಲಿನ ಮುಂದೆ ಕೂರಿಸುವ ಫೇರಿಂಗ್‌ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಿರಲಿಲ್ಲ. 'ಗಾಳಿಮರೆ' ಎಂದು ಬರೆದಿದ್ದೇನೆ. ಆಕ್ಷೇಪವಿರುವವರು ಭಾನುವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.