ದಂದಕ್ಕಿಯನ್ನ ಬೀಗರ ಖೋಲಿ ಮಾಡೇನಿ, ಗ್ವಾಡಿ ಗಿಲಾವ್ ನಿಲ್ಲವಲ್ದು

ಹೊಲದಮನಿ:
ನಮಸ್ಕಾರ್ರೀ. ನಮ್ದು ಬೀಳಗಿ ಕಡೆ. ಹೊಲದಾಗ ಅಜ್ಜನ ಕಾಲದ ಕಲ್ಲಿನ ಕಟ್ಟಡ ಐತಿ. ನಡುವ ಪಡಸಾಲಿ, ಎಡಕ್ಕ ದನ ಕಟ್ಟೂ ದಂದಕ್ಕಿ, ಬಲಕ್ಕ ಕಾಳಿನ ಖೋಲಿ, ಮ್ಯಾಲ ಮಣ್ಣಿನ ಮ್ಯಾಳಿಗಿ. ಗ್ವಾಡಿ ಎರಡೂವರಿ ಫೂಟ ದಪ್ಪ. ಮುಂದಿನ ಬಯಲು ನಾಕು ವರ್ಷದಿಂದ ಲಗ್ನಕ್ಕ ಬಾಡಿಗಿ ಕೊಡಾಕತ್ತೇವಿ. ಬೀಗರು ಹಿಂದಿನ ದಿನಾನ ಬರ್ತಾರ, ಮಲಗಾಕ ಜಾಗಾ ಕೇಳ್ತಾರ. ಅದಕ್ಕ ದಂದಕ್ಕಿಯೊಳಗ ಅಡ್ಡಗ್ವಾಡಿ ಹಾಕಿ ಸಾಲಾಗಿ ಮೂರು ಖೋಲಿ ಮಾಡಿಸಿದೆ. ಎರಡು ಬೇಷ್ ಅದಾವ. ಮೂರನೇದರಾಗ ನೆಲದಿಂದ ಮೂರು ಫೂಟತನಕ ಸಿಮೆಂಟ್ ಗಿಲಾವ್ ಉಬ್ಬಿ ಉದುರತೈತಿ, ಬೆಳ್ಳಗ ಹಿಟ್ಟಿನಂಗ ಏಳತೈತಿ. ಎರಡು ಸಲ ಕೆತ್ತಿಸಿ ಹೊಸಾದು ಹಾಕಿಸಿದೆ. ಈ ಸಲ ವರನ ಅತ್ತೀದು ಇಳಕಲ್ ಸೀರಿ ಸೆರಗು ಗ್ವಾಡಿಗೆ ತಾಗಿ ಬೂದಿ ಬಳದಂಗಾತು. ಅಕ್ಕಿಕಾಳು ಬೀಳೂತನಕ ನನ್ನ ಹೇಂತಿ ಆಕಿ ಮುಂದ ಹಾಯಲೇ ಇಲ್ಲ.

ಗೌಂಡಿ ವಾಟರ್‌ಪ್ರೂಫ್ ಬಳೀರಿ ಅಂತಾನ. ಮಗ ಎಲ್ಲಾ ಕೆಡವಿ ಆರ್‌ಸಿಸಿ ಹಾಕೂಣು ಅಂತಾನ. ಮಳಿನ ಆಗದ ನಮ್ಮೂರಾಗ ಗ್ವಾಡಿಗೆ ಹಸಿ ಎಲ್ಲಿಂದ ಬಂತ್ರಿ?

ಗಚ್ಚಿನಕೈ:
ಒಂದ ಕೇಳ್ತೀನಿ. ಆ ಮೂರನೇ ಖೋಲಿ ದಂದಕ್ಕಿ ಇಳಿಜಾರಿನ ತುದಿಗೆ ಐತೇನ್ರಿ, ಗಂಜಳ ಹರದು ಬಂದು ನಿಲ್ಲೂ ಕಡೆ?

ಹೊಲದಮನಿ:
ಹೌದ್ರೀ ಯಣ್ಣಾ! ಹಳೇ ಮೋರಿ ತೂತು ಅಲ್ಲೇ ಐತಿ. ನಿಮಗ್ಹೆಂಗ ಗೊತ್ತಾತು?

ಗಚ್ಚಿನಕೈ:
ಮಳಿ ತಪ್ಪಲ್ಲ ಅದು, ನಿಮ್ಮ ಎತ್ತಿಂದು. ಐವತ್ತರವತ್ತು ವರ್ಷದ ಗಂಜಳ ಕಲ್ಲಿನ ಸಂದಿಗೆ ಇಳದು ಪೆಟ್ಲುಪ್ಪಾಗೇತಿ. ಹಿಂದ ತುಪಾಕಿ ಮದ್ದಿಗೆ ಇಂಥಾ ಜಾಗದ ಮಣ್ಣನ್ನ ತೊಳದು ಉಪ್ಪು ತೆಗೀತಿದ್ರು. ಉಪ್ಪು ಗಾಳ್ಯಾಗಿನ ಪಸಿ ಎಳಕೊಂಡು ಕರಗತೈತಿ, ಬಿಸಲಿಗೆ ಮತ್ತ ಹರಳಾಗತೈತಿ. ಹರಳಾಗುವಾಗ ಗಿಲಾವನ್ನ ದೂಡತೈತಿ. ವಾಟರ್‌ಪ್ರೂಫ್ ಬಳದ್ರ ಹಸಿ ಒಳಗ ಸಿಗಬಿದ್ದು ಇನ್ನೂ ಮ್ಯಾಲ ಏರತೈತಿ, ನಾಕು ಫೂಟಿಗೆ ಬರತೈತಿ ಅಷ್ಟ.

ಸಿಮೆಂಟ್ ಪೂರಾ ಕೆತ್ತಿಸ್ರಿ, ಕಲೆ ಇದ್ದಲ್ಲಿಂದ ಒಂದು ಫೂಟ ಮ್ಯಾಲತನಕ. ಒಣ ಬ್ರಷ್‌ಲೆ ಉಜ್ಜಿ ಪುಡಿ ಹೊರಗ ಒಗೀರಿ. ನೀರು ಹಾಕಿ ತೊಳದ್ರ ಉಪ್ಪು ತಿರುಗಿ ಒಳಗ ಹೊಕ್ಕತೈತಿ. ಆಮ್ಯಾಲ ಉಪ್ಪು ಎಳಕೊಳ್ಳಾಕ ಹಸಿ ಜೇಡಿಮಣ್ಣು ದಪ್ಪಗ ಮೆತ್ತಿ, ಒಣಗಿದ ಮ್ಯಾಲ ಕಿತ್ತು ಒಗೀರಿ, ಮೂರ್ನಾಕು ಸಲ. ಕಡೀಕ ಸುಣ್ಣ-ಉಸುಕಿನ ಗಚ್ಚು, ಮ್ಯಾಲ ಬರೇ ಸುಣ್ಣ. ಆಯಿಲ್ ಪೇಂಟ್ ಬ್ಯಾಡ. ಮೊದಲನೇ ಗಚ್ಚು ಒಂದೆರಡು ವರ್ಷದಾಗ ಹೋದರೂ ಅಳಬ್ಯಾಡ್ರಿ, ಉಪ್ಪು ಕುಡಿಯಾಕಂತ ಹಾಕಿದ್ದದು.

ಮಗಗ ಹೇಳ್ರಿ, ಮೇ ತಿಂಗಳ 40 ಡಿಗ್ರಿಯಾಗ ಆರ್‌ಸಿಸಿ ಬುಡಕ ಮಲಗಿ ನೋಡಂತ.

ವಿಜಾಪುರದಕಿ:
ಗೋಡೆ ವಿಷಯ ಅಣ್ಣಾರು ಹೇಳಿದ್ದು ಖರೆ. ನಾವು ಸೋತಿದ್ದು ಸಂಡಾಸದಲ್ಲಿ. ಪ್ರತಿ ಖೋಲಿಗೂ ಅಟ್ಯಾಚ್ಡ್ ಬೇಕು ಅಂತ ಒಳಗೇ ಪೈಪ್ ಎಳೆಸಿದೆವು. ನಮ್ಮದು ಎರಿ ಭೂಮಿ, ನೀರು ಕುಡಿದರೆ ಉಬ್ಬತೈತಿ, ಒಣಗಿದರೆ ಬಿರಿಯತೈತಿ. ಒಂದು ಜಾಯಿಂಟ್ ಸೋರಿ ಬುನಾದಿ ಕೆಳಗೆ ನೀರು ಹೋಗಿ, ನೂರು ವರ್ಷ ಗಟ್ಟಿ ನಿಂತ ಗೋಡೆ ಒಂದೇ ವರ್ಷದಲ್ಲಿ ಕೈ ಹಿಡಿಸುವಷ್ಟು ಬಿರಿಯಿತು. ಈಗ ಹಿತ್ತಲಲ್ಲಿ ಹದಿನೈದು ಫೂಟ ದೂರ ಬೇರೆ ಕಟ್ಟಿಸಿದ್ದೇವೆ, ನಡುವೆ ಫರ್ಸಿ ದಾರಿ. ಬೀಗರು ಗೊಣಗ್ತಾರೆ, ಗೊಣಗಲಿ. ದನಕ್ಕೆ ಮೇವು ಹಾಕೋ ಗ್ವಾದಲಿ ಮಾತ್ರ ಒಡೀಬ್ಯಾಡ್ರಿ, ಸೂಟ್‌ಕೇಸ್ ಇಡೋಕೆ ಅದರಂಥ ಕಟ್ಟೆ ಇಲ್ಲ.

ಇನ್ನೊಂದು, ಹೊಲದಲ್ಲಿ ಲಗ್ನದ ಬಾಡಿಗೆ ವ್ಯವಹಾರ ಅಂದರೆ ಎನ್.ಎ. (ಕೃಷಿಯೇತರ ಜಮೀನು ಅಂತ ಪರಿವರ್ತನೆ) ಆಗಬೇಕು, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ಮಾಡಿಸೀರಿ ಹೌದಲ್ಲೋ? ಕಾಳಿನ ಖೋಲಿಗೆ ಕೈ ಹಚ್ಚೋ ಮೊದಲು ನೆಲ ಬಡಿದು ನೋಡ್ರಿ. ಹಗೇವು, ಅಂದರೆ ನೆಲದೊಳಗೆ ಕಾಳು ತುಂಬೋ ಗುಂಡಿ, ಇದ್ದರೆ ಯಾರನ್ನೂ ಸುಮ್ಮನೆ ಇಳಿಸಬ್ಯಾಡ್ರಿ, ಒಳಗೆ ಉಸಿರಾಡೋ ಗಾಳಿ ಇರೋದಿಲ್ಲ.

ಹೊಲದಮನಿ:
ಎನ್.ಎ. ಸುದ್ದಿ ತಗದ್ರಿ ಅಕ್ಕಾರ, ನನಗೂ ಪೆಟ್ಲುಪ್ಪು ಏರಿದಂಗಾತು. ಅರ್ಜಿ ಕೊಡತೀನಿ. ಮೂರನೇ ಖೋಲಿಗೆ ಕೀಲಿ ಹಾಕೇನಿ, ನಾಳಿಂದ ಕೆತ್ತೂ ಕೆಲಸ.

ಮುಂಜಾನೆ ಕಾಳಿನ ಖೋಲ್ಯಾಗ ಕಬ್ಬಣದ ಹಾರಿ ತಗೊಂಡು ಬಡಕೋತ ಹೋದೆ. ಬಾಗಲದ ಹಂತೇಕ ಡಬ್ ಅಂತು. ಅವ್ವಗ ಫೋನ್ ಹಚ್ಚಿ ಕೇಳಿದ್ರ, "ಹಗೇವ ಐತೋ ಅದು, ನಿಮ್ಮಪ್ಪ ಕಲ್ಲು ಮುಚ್ಚಿದ್ದ" ಅಂದ್ಲು. ಇಷ್ಟು ದಿನ ಯಾಕ ಹೇಳಲಿಲ್ಲಬೇ ಅಂದ್ರ, "ನೀ ಯಾವಾಗ ಕೇಳಿದ್ದಿ?"