ಸಹಾಯ ಬೇಕು: ವಾಯ್ಸ್ ಏಜೆಂಟ್‌ನ ಪ್ರಾಂಪ್ಟ್ ಬದಲಿಸಿದರೆ ಬುಕಿಂಗ್ ಟೂಲ್ ಅಳಿಸಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಲ್ಲಿನ ಡಾಕ್ಟರ ಕ್ಲಿನಿಕ್‌ಗೆ ಕನ್ನಡದಲ್ಲಿ ಮಾತಾಡುವ ಎಐ ವಾಯ್ಸ್ ಏಜೆಂಟ್ ಮಾಡಿಕೊಟ್ಟಿದ್ದೇನೆ. ರಜೆ, ಸಮಯ ಬದಲಾದಾಗೆಲ್ಲ ಎಂಸಿಪಿ (ಎಐ ಚಾಟನ್ನು ಬೇರೆ ಸೇವೆಗಳಿಗೆ ಜೋಡಿಸುವ ವಿಧಾನ) ಟೂಲ್ ಮೂಲಕ ಚಾಟ್‌ನಿಂದಲೇ ಸಿಸ್ಟಮ್ ಪ್ರಾಂಪ್ಟ್ (ಏಜೆಂಟ್ ಏನು, ಹೇಗೆ ಮಾತಾಡಬೇಕು ಅನ್ನುವ ಸೂಚನೆ) ಅಪ್‌ಡೇಟ್ ಮಾಡುತ್ತೇನೆ.

ಪ್ರಾಂಪ್ಟ್ ಸರಿಯಾಗಿಯೇ ಬದಲಾಗುತ್ತದೆ. ಆದರೆ ಅದೇ ಮಾಡೆಲ್ ಸೆಟ್ಟಿಂಗ್‌ನಲ್ಲಿದ್ದ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಟೂಲ್ ಅಳಿಸಿಹೋಗುತ್ತದೆ. ಏಜೆಂಟ್ "ಆಯ್ತು, ನಾಳೆ ಹತ್ತೂವರೆಗೆ ಬನ್ನಿ" ಅನ್ನುತ್ತದೆ. ಕ್ಯಾಲೆಂಡರ್ ನೋಡಿದರೆ ಖಾಲಿ. ಹಲ್ಲುನೋವು ಅಂತ ಬಂದವರು ಸುಮ್ನೆ ಕಾಯಬೇಕು. ಇದು ತಪ್ಪು ಅಲ್ವಾ?

ಪ್ಯಾಚ್ ರಿಕ್ವೆಸ್ಟ್ (ಸೆಟ್ಟಿಂಗ್‌ನ ಒಂದು ಭಾಗ ಮಾತ್ರ ಬದಲಿಸಲು ಕಳಿಸುವ ಕೋರಿಕೆ), ಪ್ರಾಂಪ್ಟ್ ಮತ್ತು ಟೂಲ್ ಎರಡೂ ಇರುವ ಮಾಡೆಲ್ ಆಬ್ಜೆಕ್ಟ್‌ಗೆ ಹೊಸದನ್ನು ಸೇರಿಸುವ ಬದಲು ಇಡಿಯಾಗಿ ಬದಲಿಸುತ್ತಿದೆ ಅಂತ ನನ್ನ ಅನುಮಾನ. ಮೊದಲು ಗೆಟ್ ಮಾಡಿ (ಈಗಿರುವ ಸೆಟ್ಟಿಂಗ್ ತರಿಸಿಕೊಂಡು), ಬೇಕಾದ ಸಾಲು ತಿದ್ದಿ, ಪೂರ್ತಿ ಆಬ್ಜೆಕ್ಟ್ ವಾಪಸ್ ಕಳಿಸುವುದೇ ದಾರಿಯಾ? ಹಳೇ ಪ್ರಾಂಪ್ಟ್‌ಗಳನ್ನು ನೀವು ಎಲ್ಲಿ ಉಳಿಸಿಡುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.