ಸಂಗಾತಿಯ ದೌರ್ಜನ್ಯ: ಹೊಸಬರಿಗೆ ಕೇಳುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ

ನರ್ಸಿಂಗ್, ಕೌನ್ಸೆಲಿಂಗ್ ಕೊನೆಯ ವರ್ಷದ 18 ಮಂದಿಗೆ ಎರಡು ದಿನದ ತರಬೇತಿ. ಪಾಠ ಒಪ್ಪಿಸುತ್ತಾರೆ, ಆದರೆ ಪೇಷಂಟ್ ಎದುರು ಕೂತರೆ ಬಾಯಿ ಕಟ್ಟುತ್ತದೆ, ಇಲ್ಲವೇ ಪೊಲೀಸರ ಹಾಗೆ ವಿಚಾರಣೆ ಶುರು. ಸಮಯ ಹೇಗೆ ಹಂಚಲಿ? ಸಂಗಾತಿ ಹಿಂಸೆ ಕೊಡುತ್ತಾರೆಯೇ ಎಂದು ಬಂದವರನ್ನೆಲ್ಲ ಕೇಳಿ ಎಂದು ಹೇಳಿಕೊಡಬೇಕೇ?

ಉತ್ತರ 1

ಎಲ್ಲರನ್ನೂ ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುವುದಿಲ್ಲ. ಹೇಳಿದ ಕಾರಣಕ್ಕೂ ಗಾಯಕ್ಕೂ ತಾಳೆಯಾಗದಿದ್ದಾಗ, ಕಾರಣ ಸಿಗದ ನೋವು ಮತ್ತೆ ಮತ್ತೆ ಬಂದಾಗ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡಾಗ ಕೇಳಬೇಕು. ಒಬ್ಬರೇ ಇರುವ ಕೋಣೆ ಸಿಗದಿದ್ದರೆ ಕೇಳಲೇಬಾರದು.

ಉಪನ್ಯಾಸ ಮೊದಲ ಅರ್ಧ ದಿನಕ್ಕೆ ಮುಗಿಯಲಿ. ಉಳಿದದ್ದು ಮೂವರ ಗುಂಪಿನಲ್ಲಿ ಅಭ್ಯಾಸ: ಒಬ್ಬರು ಪೇಷಂಟ್, ಒಬ್ಬರು ಸಿಬ್ಬಂದಿ, ಒಬ್ಬರು ನೋಡುವವರು. ಹತ್ತು ನಿಮಿಷ ಆಟ, ಐದು ನಿಮಿಷ ಚರ್ಚೆ, ಆಮೇಲೆ ಅದಲುಬದಲು. ನೋಡುವವರ ಕೈಗೆ ಉದ್ದದ ಪಟ್ಟಿ ಕೊಡಬೇಡಿ, ಎರಡೇ ಎಣಿಕೆ ಸಾಕು: ಎಷ್ಟು ಸಲ ಬುದ್ಧಿ ಹೇಳಿದರು, ಎಷ್ಟು ಸಲ ಮಾತಿಗೆ ಅಡ್ಡ ಬಂದರು. ಮೊದಲ ಸುತ್ತಿನಲ್ಲಿ ಎರಡೂ ಜಾಸ್ತಿಯೇ ಇರುತ್ತವೆ.

ಜೊತೆಗೆ ಬಂದವರನ್ನು ಹೊರಗೆ ಕಳಿಸುವುದನ್ನೂ ಆಡಿಸಿ. "ಈ ತಪಾಸಣೆಗೆ ಒಬ್ಬರೇ ಇರಬೇಕು, ಎಲ್ಲರಿಗೂ ಇದೇ ನಿಯಮ" ಎಂದು ದನಿ ಏರಿಸದೆ ಹೇಳಲು ಬರಬೇಕು. ಯಾವುದನ್ನು ಗುಟ್ಟಾಗಿ ಇಡಬಹುದು, ಯಾವುದನ್ನು ಕಾನೂನಿನಂತೆ ವರದಿ ಮಾಡಲೇಬೇಕು ಎಂಬುದನ್ನು ಕೇಳುವ ಮೊದಲೇ ತಿಳಿಸಬೇಕು. ಎಲ್ಲ ಹೇಳಿಕೊಂಡ ಮೇಲೆ ತಿಳಿಸಿದರೆ ಅದು ಮೋಸ.

"ನಿಮ್ಮ ಮೇಲೆ ದೌರ್ಜನ್ಯ ಆಗುತ್ತಿದೆಯೇ?" ಎಂದರೆ ಬಹಳ ಮಂದಿ ಇಲ್ಲ ಎನ್ನುತ್ತಾರೆ, ಅದಕ್ಕೆ ಅವರು ಆ ಹೆಸರು ಇಟ್ಟಿರುವುದಿಲ್ಲ. ನಡೆದದ್ದರ ಬಗ್ಗೆ ಕೇಳಲು ಕಲಿಸಿ: "ಮನೆಯಲ್ಲಿ ಯಾರಿಗಾದರೂ ಹೆದರಿ ಇರಬೇಕಾಗುತ್ತದೆಯೇ? ಹೊಡೆಯುವುದು, ತಳ್ಳುವುದು ಇದೆಯೇ? ದುಡ್ಡು, ಫೋನು ಕಿತ್ತಿಟ್ಟುಕೊಳ್ಳುತ್ತಾರೆಯೇ?"

ಉತ್ತರ 2

ಹೌದು ಎಂದ ಮೇಲೆ ಏನು ಎಂಬುದಕ್ಕೆ ಅದೇ ಸಂಸ್ಥೆಯ 2014ರ ಕೈಪಿಡಿ ಐದು ಕೆಲಸ ಹೇಳುತ್ತದೆ: ಕಿವಿಗೊಡುವುದು, ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇವೆ ಎಂದು ತೋರಿಸುವುದು, ಸುರಕ್ಷತೆ, ಮುಂದಿನ ನೆರವು. ಹೊಸಬರು ಎಡವುವುದು ನಾಲ್ಕನೆಯದರಲ್ಲಿ.

ಅಲ್ಲಿ ಆರು ಪ್ರಶ್ನೆಗಳಿವೆ. ಕಳೆದ 6 ತಿಂಗಳಲ್ಲಿ ಹೊಡೆತ ಹೆಚ್ಚಿದೆಯೇ? ಆಯುಧ ಬಳಸಿದ್ದು, ತೋರಿಸಿ ಹೆದರಿಸಿದ್ದು ಇದೆಯೇ? ಕತ್ತು ಹಿಸುಕಿದ್ದಿದೆಯೇ? ಕೊಂದುಬಿಡಬಹುದು ಎನಿಸುತ್ತದೆಯೇ? ಬಸುರಿನಲ್ಲಿ ಹೊಡೆದಿದ್ದಾರೆಯೇ? ಸದಾ ವಿಪರೀತ ಸಂಶಯವೇ? ಮೂರಕ್ಕೆ ಹೌದು ಎಂದರೆ ಅಪಾಯ ತೀರಾ ಹತ್ತಿರ ಇರಬಹುದು. ಹಾಗಂತ ಎರಡಕ್ಕೆ ಹೌದು ಎಂದವರನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸುವಂತಿಲ್ಲ.

ಕತ್ತು ಹಿಸುಕಿದ್ದಕ್ಕೆ ಪ್ರತ್ಯೇಕವಾಗಿ ಒಂದು ಗಂಟೆ ಇಡಿ. ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆದಿರುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ನೋಡಲು ಕಲಿಸಿ. ಕತ್ತಿನ ರಕ್ತನಾಳದ ಒಳಪದರ ಹರಿದಿದ್ದರೆ ದಿನಗಳ ನಂತರವೂ ಪಾರ್ಶ್ವವಾಯು ಹೊಡೆಯಬಹುದು. ಅದಕ್ಕೇ "ಚೆನ್ನಾಗಿಯೇ ಇದ್ದಾರೆ" ಎಂದು ಕಳಿಸುವುದು ತಪ್ಪು.

ಬಲಾತ್ಕಾರ ಆಗಿದ್ದರೆ ಗಡಿಯಾರ ನೋಡಿ: ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ, ತುರ್ತು ಗರ್ಭನಿರೋಧಕ 120 ಗಂಟೆಯೊಳಗೆ. ಎರಡೂ ಬೇಗ ಕೊಟ್ಟಷ್ಟು ಒಳ್ಳೆಯದು.

ಮತ್ತೆ, "ಬಿಟ್ಟು ಬನ್ನಿ" ಎಂಬ ಬುದ್ಧಿವಾದವನ್ನು ಬಾಯಿಂದ ಅಳಿಸಿಹಾಕಿ. ಬಿಟ್ಟು ಹೊರಡುವ ಹೊತ್ತಿನಲ್ಲೇ ಅಪಾಯ ಏರುತ್ತದೆ. ಎಲ್ಲಿಗೆ, ಯಾರ ಜೊತೆ, ಯಾವ ಕಾಗದಪತ್ರ ಹಿಡಿದು ಎಂಬುದು ಗೊತ್ತಾಗದೆ ಹೊರಡಿಸುವುದು ಸಹಾಯವಲ್ಲ.

ಪ್ರಶ್ನೆ ಕೇಳಿದವರು

ಪೇಷಂಟ್, ಸಂಗಾತಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಪಾಠ ಸೇರಿಸಲೇ?

ಉತ್ತರ 3

ಬೇಡ. ಹಿಂಸೆ ನಡೆಯುತ್ತಿರುವಾಗ ಜಂಟಿ ಕೌನ್ಸೆಲಿಂಗ್ ಸಲ್ಲ. ಒಳಗೆ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ.

ಆ ಸಮಯವನ್ನು ದಾಖಲೆಗೆ ಕೊಡಿ. ಅವರ ಮಾತು ಅವರದೇ ಪದಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ. ಗಾಯದ ಜಾಗ, ಅಳತೆ, ಬಣ್ಣ ದೇಹದ ನಕ್ಷೆಯಲ್ಲಿ. "ಎಂದು ಆರೋಪಿಸುತ್ತಾರೆ" ಎಂದು ಬರೆಯಬಾರದು, ಸಂಶಯಪಟ್ಟ ಹಾಗಿರುತ್ತದೆ. ಮನೆಗೆ ಹೋಗುವ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ಯಾವುದೂ ಇರಕೂಡದು. ಯಾವ ನಂಬರಿಗೆ ಕರೆ ಮಾಡಿದರೆ ಸುರಕ್ಷಿತ ಎಂದು ಕೇಳಿ ಬರೆದುಕೊಳ್ಳುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಇನ್ನೊಂದು: ಕಲಿಯಲು ಬಂದವರಲ್ಲೇ ಇದನ್ನು ಅನುಭವಿಸಿದವರು ಇರಬಹುದು. ಕಾರಣ ಹೇಳದೆ ಎದ್ದು ಹೋಗಬಹುದು ಎಂದು ಮೊದಲೇ ಹೇಳಿಬಿಡಿ. ಹೊಡೆಯುವವರ ಪಾತ್ರ ಯಾರಿಗೂ ಕೊಡಬೇಡಿ.